ಥ್ರೀ ಕಾರ್ಡ್ ಪೋಕರ್ ಕಲಿಸಿದ ಭಾನುವಾರ

ಕಾರವಾರ, 26 ಅಕ್ಟೋಬರ್ 2025, ಭಾನುವಾರ

ದೀಪಾವಳಿಗೆ ಬಂದ ಅಕ್ಕನ ಮಗ ಇನ್ನೂ ಇಲ್ಲೇ ಇದ್ದಾನೆ. ಕೆಲಸ ಗೋವಾದ ವೆರ್ಣಾದಲ್ಲಿ. ಅವನ ಜೊತೆಗಾರರು ಸಂಬಳ ಆದ ಮೇಲೆ ಪಣಜಿಗೆ ಹೋಗಿ ಮಾಂಡೋವಿ ನದಿಯಲ್ಲಿರುವ ಕ್ಯಾಸಿನೊ ಹಡಗು ಹತ್ತುತ್ತಾರಂತೆ. ಅಲ್ಲಿ ಆಡುವ ಥ್ರೀ ಕಾರ್ಡ್ ಪೋಕರ್ ಮೊಬೈಲಿನಲ್ಲೂ ಸಿಗುತ್ತದೆ ಅಂತ ಯಾರೋ ಅವನಿಗೆ ಒಂದು ಲಿಂಕ್ ಕಳಿಸಿದ್ದಾರೆ. ಬೆಳಿಗ್ಗೆ ತಿಂಡಿ ಆದ ಮೇಲೆ ಅದನ್ನೇ ಹಿಡಿದುಕೊಂಡು ಬಂದ. "ಚಿಕ್ಕಿ, ಇದು ನಮ್ಮ ತೀನ್ ಪತ್ತಿನೇ ಅಲ್ವಾ? ನಂಗೆ ಹೊಸದಾಗಿ ಕಲಿಯೋದು ಏನಿದೆ?"

ಇದೆ, ತುಂಬಾ ಇದೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಸಂಭವನೀಯತೆ ಪಾಠಕ್ಕೆ ಇಸ್ಪೀಟು ಎಲೆಗಿಂತ ಒಳ್ಳೆಯ ಸಾಮಾನು ಇಲ್ಲ ಅಂತ ನಂಬಿದವಳು. ಲಿಂಕ್ ಮುಚ್ಚು, ಜಗಲಿ ಮೇಲೆ ಚಾಪೆ ಹಾಸು ಅಂದೆ. ಬೆಟ್ ಕಟ್ಟಲಿಕ್ಕೆ ಡಬ್ಬಿಯಲ್ಲಿದ್ದ ಹುಣಸೆ ಬೀಜ ಸುರಿದೆ.

ತೀನ್ ಪತ್ತಿಯಲ್ಲಿ ಎದುರಿಗೆ ಕೂತವರು ಮನುಷ್ಯರು. ಅವರನ್ನು ಹೆದರಿಸಬಹುದು, ಎಲೆ ನೋಡದೆ ಬ್ಲೈಂಡ್ ಆಡಬಹುದು, ಕೆಟ್ಟ ಎಲೆ ಇಟ್ಟುಕೊಂಡೇ ಎದುರಿನವನು ಎಲೆ ಬಿಟ್ಟು ಪ್ಯಾಕ್ ಮಾಡುವ ಹಾಗೆ ಮಾಡಬಹುದು. ಥ್ರೀ ಕಾರ್ಡ್ ಪೋಕರಿನಲ್ಲಿ ಇದ್ಯಾವುದೂ ನಡೆಯುವುದಿಲ್ಲ. ನೀನು ಮತ್ತು ಡೀಲರ್, ಇಬ್ಬರೇ. ಪಕ್ಕದಲ್ಲಿ ಐದು ಜನ ಕೂತಿದ್ದರೂ ಅವರವರ ಆಟ ಅವರವರದು. ಡೀಲರ್ ನಿನ್ನ ಮುಖ ನೋಡಿ ಏನೂ ತೀರ್ಮಾನ ಮಾಡುವುದಿಲ್ಲ. ಅವನು ಮಾಡುವುದೆಲ್ಲ ನಿಯಮದಲ್ಲೇ ಬರೆದಿದೆ.

ಆಟ ಚಿಕ್ಕದು. ಮೊದಲು ಆಂಟೆ ಅನ್ನುವ ಬೆಟ್ ಇಡಬೇಕು. ಅವನು ಹತ್ತು ಬೀಜ ಇಟ್ಟ. ನಾನು ಅವನಿಗೆ ಮೂರು ಎಲೆ, ನನಗೆ ಮೂರು ಎಲೆ ಹಾಕಿದೆ. ಅವನು ತನ್ನದನ್ನು ನೋಡಬಹುದು, ನಾನು ಡೀಲರ್ ಆದ್ದರಿಂದ ನನ್ನವು ಕವುಚಿಯೇ ಇರುತ್ತವೆ. ಈಗ ಅವನಿಗೆ ಎರಡೇ ದಾರಿ. ಬಿಟ್ಟರೆ ಆಂಟೆಯ ಹತ್ತು ಬೀಜ ಹೋಯಿತು. ಆಡುವುದಾದರೆ ಇನ್ನೂ ಹತ್ತು ಬೀಜ ಇಡಬೇಕು, ಅದಕ್ಕೆ ಪ್ಲೇ ಬೆಟ್ ಅನ್ನುತ್ತಾರೆ. ಆಮೇಲೆ ನಾನು ಎಲೆ ತೆರೆಯುತ್ತೇನೆ.

ಇಲ್ಲೇ ಒಂದು ಸೂಕ್ಷ್ಮ ಇದೆ. ಡೀಲರ್ ಹತ್ತಿರ ಕಡೇಪಕ್ಷ ಒಂದು ರಾಣಿಯಾದರೂ ಇರಬೇಕು, ಅಥವಾ ಅದಕ್ಕಿಂತ ಮೇಲಿನದು. ಗುಲಾಮನೇ ದೊಡ್ಡದು, ಜೋಡಿ ಇಲ್ಲ, ಬೇರೇನೂ ಇಲ್ಲ ಅಂದರೆ ಡೀಲರ್ ಅರ್ಹತೆ ಪಡೆಯಲಿಲ್ಲ ಅಂತ ಲೆಕ್ಕ. ಆಗ ಆಂಟೆಗೆ ಸಮಸಮ ದುಡ್ಡು ಸಿಗುತ್ತದೆ, ಪ್ಲೇ ಬೆಟ್ ಹಾಗೇ ವಾಪಸ್ ಬರುತ್ತದೆ. ಡೀಲರ್ ಅರ್ಹತೆ ಪಡೆದು, ನಿನ್ನ ಕೈ, ಅಂದರೆ ನಿನ್ನ ಮೂರೆಲೆ, ದೊಡ್ಡದಾದರೆ ಎರಡಕ್ಕೂ ಸಮಸಮ. ಚಿಕ್ಕದಾದರೆ ಎರಡೂ ಹೋಯಿತು. ಸಮನಾದರೆ ಎರಡೂ ವಾಪಸ್.

"ಅರೆ, ಡೀಲರಿಗೇ ನಿಯಮ ಹಾಕಿದ್ದಾರೆ, ನಮಗೆ ಒಳ್ಳೇದೇ ಆಯ್ತಲ್ಲ" ಅಂದ. ಹಾಗೆ ಅನ್ನಿಸುತ್ತದೆ, ನಿಜ. ಆದರೆ ಮುಂದಿನ ಕೈಯಲ್ಲೇ ಅವನಿಗೆ ಒಂಬತ್ತರ ಜೋಡಿ ಬಂತು. ಖುಷಿಯಿಂದ ಪ್ಲೇ ಇಟ್ಟ. ನಾನು ತೆರೆದೆ: ಕಳಾವರದ ಹತ್ತು, ಆಟೀನಿನ ಏಳು, ಇಸ್ಪೀಟಿನ ಎರಡು. ನನ್ನ ಕೈ ಬಿದ್ದು ಹೋಗಿತ್ತು, ಅವನಿಗೆ ಸಿಕ್ಕಿದ್ದು ಹತ್ತೇ ಬೀಜ. ನಾನು ರಾಣಿ ಹಿಡಿದಿದ್ದರೆ ಇಪ್ಪತ್ತು ಸಿಗುತ್ತಿತ್ತು. ಒಳ್ಳೆಯ ಕೈ ಬಂದಾಗ ಎದುರಿನವನು ಬಡವನಾಗಿದ್ದರೆ ಗೆಲುವು ಅರ್ಧಕ್ಕೆ ಇಳಿಯುತ್ತದೆ. ಡೀಲರ್ ಅರ್ಹತೆ ಪಡೆಯುವುದು ಹತ್ತರಲ್ಲಿ ಸುಮಾರು ಏಳು ಸಲ.

ಯಾವ ಕೈ ಆಡಬೇಕು, ಯಾವುದು ಬಿಡಬೇಕು? ಇದಕ್ಕೆ ಉತ್ತರ ಒಂದೇ, ಅದನ್ನು ಅವನ ಕೈಯಲ್ಲೇ ಬರೆಸಿದೆ: ರಾಣಿ, ಆರು, ನಾಲ್ಕು. ಇದಕ್ಕೆ ಸಮ ಅಥವಾ ಮೇಲಿನದು ಬಂದರೆ ಆಡು, ಕೆಳಗಿನದು ಬಿಡು. ರಾಜ ಅಥವಾ ಎಕ್ಕ ಇದ್ದರೆ ಯೋಚನೆಯೇ ಬೇಡ. ರಾಣಿ, ಏಳು, ಎರಡು ಬಂದರೂ ಆಡಬೇಕು, ಯಾಕೆಂದರೆ ಎರಡನೇ ಎಲೆ ಆರಕ್ಕಿಂತ ದೊಡ್ಡದು. ರಾಣಿ, ಆರು, ಮೂರು ಬಂದರೆ ಬಿಡಬೇಕು. ಬಿಟ್ಟರೆ ಆಂಟೆಯಷ್ಟು ನಷ್ಟ ಖಾತ್ರಿ. ರಾಣಿ, ಆರು, ನಾಲ್ಕರಲ್ಲಿ ಆಡಿದರೆ ಸರಾಸರಿ ನಷ್ಟ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ರಾಣಿ, ಆರು, ಮೂರರಲ್ಲಿ ಕೂದಲೆಳೆಯಷ್ಟು ಜಾಸ್ತಿ. ಗೆರೆ ಅಲ್ಲಿ ಬಿದ್ದಿರುವುದು ಅದಕ್ಕೇ.

ಈ ಗೆರೆಗೆ ಸರಿಯಾಗಿ ಆಡಿದರೂ ಮೂರರಲ್ಲಿ ಸುಮಾರು ಒಂದು ಕೈ ಬಿಡಲೇಬೇಕಾಗುತ್ತದೆ. ಮನೆಯವರ, ಅಂದರೆ ಕ್ಯಾಸಿನೊದ, ಲಾಭ ಹುಟ್ಟುವುದು ಇಲ್ಲೇ. ನೀನು ಬಿಟ್ಟ ಮೇಲೆ ಡೀಲರ್ ಎಲೆ ನಿನ್ನದಕ್ಕಿಂತ ಕೆಟ್ಟದಿದ್ದರೂ ನಿನ್ನ ಆಂಟೆ ಆಗಲೇ ಹೋಗಿರುತ್ತದೆ. ಸೀಕ್ವೆನ್ಸ್ (ಏಳು, ಎಂಟು, ಒಂಬತ್ತರ ಹಾಗೆ ಸಾಲಾಗಿ ಬರುವ ಮೂರೆಲೆ) ಬಂದರೆ ಆಂಟೆಗೆ ಒಂದಕ್ಕೆ ಒಂದು, ಟ್ರಯಲ್‌ಗೆ (ಮೂರೂ ರಾಜ, ಮೂರೂ ಏಳು ಬಂದ ಹಾಗೆ) ಒಂದಕ್ಕೆ ನಾಲ್ಕು, ಪ್ಯೂರ್ ಸೀಕ್ವೆನ್ಸ್‌ಗೆ (ಸಾಲಾಗಿರುವ ಮೂರೂ ಎಲೆ ಒಂದೇ ಜಾತಿಯವು) ಒಂದಕ್ಕೆ ಐದು ಬೋನಸ್ ಕೊಡುತ್ತಾರೆ. ಅದನ್ನೂ ಸೇರಿಸಿದ ಮೇಲೆ ಆಂಟೆಯ 3.37 ಶೇಕಡ ಮನೆಗೆ ಹೋಗುತ್ತದೆ.

ನನಗೆ ತುಂಬಾ ಇಷ್ಟವಾದ ಭಾಗ ಕೈಗಳ ಸಾಲು. 52 ಎಲೆಯಲ್ಲಿ ಮೂರು ಆರಿಸಲಿಕ್ಕೆ 22,100 ವಿಧ. ಅದರಲ್ಲಿ ಪ್ಯೂರ್ ಸೀಕ್ವೆನ್ಸ್ 48, ಟ್ರಯಲ್ 52, ಸೀಕ್ವೆನ್ಸ್ 720, ಕಲರ್ (ಸಾಲಾಗಿಲ್ಲದ, ಒಂದೇ ಜಾತಿಯ ಮೂರೆಲೆ) 1,096, ಜೋಡಿ 3,744. ಉಳಿದ 16,440 ಕೈಯಲ್ಲಿ ಏನೂ ಇಲ್ಲ. ತೀನ್ ಪತ್ತಿಯಲ್ಲಿ ಟ್ರಯಲ್ ಎಲ್ಲಕ್ಕಿಂತ ಮೇಲೆ. ಆದರೆ ಪ್ಯೂರ್ ಸೀಕ್ವೆನ್ಸ್ ಅದಕ್ಕಿಂತ ಅಪರೂಪ, ಆದ್ದರಿಂದ ಥ್ರೀ ಕಾರ್ಡ್ ಪೋಕರಿನಲ್ಲಿ ಅದೇ ಮೇಲೆ. ಐದೆಲೆಯ ಪೋಕರಿನಲ್ಲಿ ಕಲರ್ ಸೀಕ್ವೆನ್ಸನ್ನು ಹೊಡೆಯುತ್ತದೆ, ಮೂರೆಲೆಯಲ್ಲಿ ಸೀಕ್ವೆನ್ಸ್ ಕಲರನ್ನು ಹೊಡೆಯುತ್ತದೆ. ಅವನು ಇದನ್ನು ನಂಬಲಿಲ್ಲ, ಪೆನ್ನು ತಗೊಂಡು ತಾನೇ ಎಣಿಸಿದ. 720 ಬಂದಾಗ ಅವನ ಮುಖ ನೋಡಬೇಕಿತ್ತು! ಕ್ಲಾಸಿನಲ್ಲಿ ಇಷ್ಟು ಶ್ರದ್ಧೆ ಸಿಕ್ಕರೆ ಸಾಕು ನನಗೆ.

ಈ ಸಂಖ್ಯೆ ಗೊತ್ತಿದ್ದರೆ ಪೇರ್ ಪ್ಲಸ್ ಅನ್ನುವ ಇನ್ನೊಂದು ಬೆಟ್ಟಿನ ಗುಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಇದರಲ್ಲಿ ಡೀಲರ್ ಎಲೆಗೆ ಸಂಬಂಧ ಇಲ್ಲ, ನಿನಗೆ ಜೋಡಿ ಅಥವಾ ಮೇಲಿನದು ಬಂದರೆ ದುಡ್ಡು. ಒಂದು ಬಗೆಯ ಪಟ್ಟಿಯಲ್ಲಿ ಒಂದು ರೂಪಾಯಿ ಬೆಟ್ಟಿಗೆ ಸಿಗುವುದು ಜೋಡಿಗೆ 1, ಕಲರ್‌ಗೆ 4, ಸೀಕ್ವೆನ್ಸ್‌ಗೆ 6, ಟ್ರಯಲ್‌ಗೆ 30, ಪ್ಯೂರ್ ಸೀಕ್ವೆನ್ಸ್‌ಗೆ 40. ಇವನ್ನು ಆಯಾ ಕೈಗಳ ಸಂಖ್ಯೆಯಿಂದ ಗುಣಿಸಿ ಕೂಡಿದರೆ 15,928. ಸೋಲುವ ಕೈ 16,440. ವ್ಯತ್ಯಾಸ 512, ಅಂದರೆ ನೂರು ರೂಪಾಯಿಗೆ 2 ರೂಪಾಯಿ 32 ಪೈಸೆ ನಷ್ಟ. ಇನ್ನೊಂದು ಬಗೆಯ ಪಟ್ಟಿಯಲ್ಲಿ ಎಲ್ಲವೂ ಅದೇ, ಕಲರ್‌ಗೆ ಮಾತ್ರ 4ರ ಬದಲು 3. ಅಷ್ಟಕ್ಕೇ ನಷ್ಟ 7 ರೂಪಾಯಿ 28 ಪೈಸೆಗೆ ಏರುತ್ತದೆ! ನೋಡುವವರ ಕಣ್ಣು 40ರ ಮೇಲೇ ಇರುತ್ತದೆ, ಕಲರ್ ಸಾಲನ್ನು ಯಾರು ಓದುತ್ತಾರೆ? ಮೊದಲು ಓದಬೇಕಾದ್ದು ಅದನ್ನೇ.

ಮೊಬೈಲಿನಲ್ಲಿ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ: ವೇಗ. ಚಾಪೆ ಮೇಲೆ ಒಂದು ಕೈ ಮುಗಿಯಲಿಕ್ಕೆ ಎರಡು ನಿಮಿಷ ಬೇಕಾಯಿತು. ದುಡ್ಡಿಲ್ಲದೆ ಬರೀ ಆಟದ ಚಿಪ್ಸ್ ಕೊಡುವ ಒಂದು ಆ್ಯಪ್‌ನಲ್ಲಿ ತೋರಿಸಿದೆ. ಬೆರಳು ಒತ್ತಿದ ಕೂಡಲೇ ಎಲೆ, ಒತ್ತಿದ ಕೂಡಲೇ ಫಲಿತಾಂಶ. ಗಂಟೆಗೆ 200 ಕೈ ಆಡಿದರೆ, ಕೈಗೆ 100 ರೂಪಾಯಿ ಆಂಟೆ ಇದ್ದರೆ, ಒಂದೂ ತಪ್ಪಿಲ್ಲದೆ ಆಡಿದರೂ ಸರಾಸರಿ 674 ರೂಪಾಯಿ ನಷ್ಟ. ಶೇಕಡಾವಾರು ಚಿಕ್ಕದಾಗಿ ಕಂಡರೂ ವೇಗ ಅದನ್ನು ದೊಡ್ಡದು ಮಾಡುತ್ತದೆ.

ಈ ಆಟವನ್ನು 1994ರಲ್ಲಿ ಮಾಡಿದವರು ಡೆರೆಕ್ ವೆಬ್ ಅನ್ನುವ ಬ್ರಿಟಿಷರು. ಅದನ್ನು ಮಾರಿ ಶ್ರೀಮಂತರಾದರು. ಆಮೇಲೆ ಅವರೇ ತಮ್ಮ ದುಡ್ಡು ಹಾಕಿ ಬ್ರಿಟನ್ನಿನ ಬೆಟ್ಟಿಂಗ್ ಅಂಗಡಿಗಳ ಯಂತ್ರಗಳ ವಿರುದ್ಧ ಹೋರಾಟ ನಡೆಸಿದರು. 20 ಸೆಕೆಂಡಿಗೆ ಒಂದು ಸಲ 100 ಪೌಂಡಿನವರೆಗೆ ಬೆಟ್ ತೆಗೆದುಕೊಳ್ಳುವ ಯಂತ್ರಗಳವು. 2019ರ ಏಪ್ರಿಲ್‌ನಲ್ಲಿ ಆ ಮಿತಿ 2 ಪೌಂಡಿಗೆ ಇಳಿಯಿತು. ಆಟ ಮಾಡಿದ ಮನುಷ್ಯನೇ ವೇಗಕ್ಕೂ ಬೆಟ್ಟಿಗೂ ಕಡಿವಾಣ ಕೇಳಿದ್ದು ನನಗೆ ತುಂಬಾ ದೊಡ್ಡ ವಿಷಯ ಅನ್ನಿಸುತ್ತದೆ. ಅವರ ಮೇಲೆ ನನಗೆ ಗೌರವ ಇದೆ.

ಕೊನೆಗೆ ಆ ಲಿಂಕ್ ವಿಚಾರಕ್ಕೆ ಬಂದೆವು. "ಗೋವಾದಲ್ಲಿ ಕ್ಯಾಸಿನೊ ಕಾನೂನುಬದ್ಧ, ಹಾಗಾದ್ರೆ ಇದೂ ಸರಿ ಅಲ್ವಾ ಚಿಕ್ಕಿ?" ಅಲ್ಲ. ಹಡಗಿನ ಲೈಸೆನ್ಸು ಹಡಗಿಗೆ. ಹೋದ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 22ನೇ ತಾರೀಕು ರಾಷ್ಟ್ರಪತಿಗಳ ಅಂಕಿತ ಬಿತ್ತು. ದುಡ್ಡು ಕಟ್ಟಿಸಿಕೊಂಡು ಆನ್‌ಲೈನ್ ಆಟ ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ ಅಂತ ಅದರಲ್ಲಿದೆ. ಜಾಹೀರಾತಿಗೂ ಶಿಕ್ಷೆ ಇದೆ, ಆಡಿದವರಿಗೆ ಇಲ್ಲ. ದುಡ್ಡಿನ ಆನ್‌ಲೈನ್ ಆಟಗಳ ಮೇಲೆ ನಮ್ಮ ರಾಜ್ಯ ಹಾಕಿದ್ದ 2021ರ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿದಾಗ ಕೌಶಲದ ಆಟ, ಅದೃಷ್ಟದ ಆಟ ಬೇರೆ ಬೇರೆ ಅನ್ನುವ ಮಾತು ಮುಖ್ಯವಾಗಿತ್ತು. ಹೊಸ ಕಾಯ್ದೆ ಆ ಭೇದವನ್ನೇ ಇಟ್ಟುಕೊಂಡಿಲ್ಲ. ಅವನಿಗೆ ಬಂದ ಲಿಂಕಿನಲ್ಲಿ ಕಂಪನಿ ವಿಳಾಸವೇ ಇರಲಿಲ್ಲ. ದುಡ್ಡು ಸಿಕ್ಕಿಹಾಕಿಕೊಂಡರೆ ಯಾರ ಬಾಗಿಲು ತಟ್ಟುತ್ತೀಯ ಅಂತ ಕೇಳಿದೆ. ಅವನೇ ಅಳಿಸಿ ಹಾಕಿದ.

ಸಂಜೆ ಹೊರಡುವ ಮುಂಚೆ ಸಿಕ್ಸ್ ಕಾರ್ಡ್ ಬೋನಸ್ ಬಗ್ಗೆ ಕೇಳಿದ. ನಿನ್ನ ಮೂರು, ಡೀಲರಿನ ಮೂರು ಸೇರಿಸಿ ಒಳ್ಳೆಯ ಐದೆಲೆ ಮಾಡುವ ಬೆಟ್ ಅದು. ಆರು ಎಲೆ ಅಂದರೆ 2,03,58,520 ವಿಧ. ಕೈಯಲ್ಲಿ ಎಣಿಸಲಿಕ್ಕೆ ಆಗುವುದಿಲ್ಲ, ಮುಂದಿನ ಸಲ ಬರುವಾಗ ಲ್ಯಾಪ್‌ಟಾಪ್ ತಗೊಂಡು ಬಾ, ಸೇರಿ ಲೆಕ್ಕ ಹಾಕೋಣ ಅಂದೆ.