ಎಕ್ಕವೋ, ರಾಣಿಯೋ?

16 ಫೆಬ್ರವರಿ 2025, ಭಾನುವಾರ
ಮೈಸೂರು

ಬ್ರಿಜ್ ಆಟದ ಒಂದು ಸಮಸ್ಯೆ. ಡಮ್ಮಿಯಲ್ಲಿ, ಅಂದರೆ ಮೇಜಿನ ಮೇಲೆ ಬಿಚ್ಚಿಟ್ಟ ಜೊತೆಗಾರರ ಎಲೆಗಳಲ್ಲಿ, ಎಕ್ಕ, ರಾಣಿ, ಹತ್ತು, ಒಂಬತ್ತು, ನಾಲ್ಕು. ಕೈಯಲ್ಲಿ ಎಂಟು, ಆರು, ಐದು, ಎರಡು. ತುರುಪು ಇಸ್ಪೀಟು. ಹೊರಗಿರುವುದು ನಾಲ್ಕೇ ಎಲೆ: ರಾಜ, ಗುಲಾಮ, ಏಳು, ಮೂರು. ಹೇಗೆ ಆಡಬೇಕು?

ನಿನ್ನೆ ಸಂಜೆ ನಮ್ಮಲ್ಲಿ ಎರಡು ಟೇಬಲ್ ಹಾಕಿ ಟೀಮ್ ಆಟ ಆಡಿದೆವು. ಅವೇ ಎಲೆಗಳು ಎರಡೂ ಟೇಬಲ್ಲಿಗೆ ಹೋಗುತ್ತವೆ, ಆಮೇಲೆ ಅಂಕ ಹೋಲಿಸುವುದು. ಎರಡೂ ಕಡೆ ಕರೆ ನಾಲ್ಕು ಇಸ್ಪೀಟಿಗೇ ನಿಂತಿತ್ತು, ಅಂದರೆ ಹದಿಮೂರು ಸುತ್ತಿನಲ್ಲಿ ಹತ್ತನ್ನು (ಹತ್ತು ಟ್ರಿಕ್) ಗೆಲ್ಲಬೇಕು. ಡೈಮನ್‌ನಲ್ಲಿ ಎರಡು ಟ್ರಿಕ್ ಶುರುವಿಗೇ ಹೋಯಿತು. ಉಳಿದದ್ದೆಲ್ಲ ಭದ್ರ, ಕೈಗೆ ಬರಲು ಕಳಾವರ್‌ನಲ್ಲಿ ದಾರಿಯೂ ಬೇಕಾದಷ್ಟಿತ್ತು. ಹಾಗಾಗಿ ತುರುಪಿನಲ್ಲಿ ಒಂದು ಟ್ರಿಕ್ ಬಿಟ್ಟುಕೊಡಬಹುದು, ಎರಡು ಬಿಡುವಂತಿಲ್ಲ.

ನಮ್ಮ ಟೇಬಲ್ಲಿನಲ್ಲಿ ಆಡಿದ್ದು ಚಿಕ್ಕಪ್ಪ, ನಾನು ಡಮ್ಮಿ. ಅವರು ಕೈಯಿಂದ ಎರಡು ಬಿಟ್ಟರು, ಎಡಗಡೆಯವರು ಏಳು ಹಾಕಿದರು, ಡಮ್ಮಿಯಿಂದ ಎಕ್ಕ ಇಳಿಸಿದರು. ಮುಂದಿನ ಸುತ್ತಿನಲ್ಲಿ ಎಡಗಡೆಯಿಂದ ರಾಜ ಬಂತು. ಸರಿಯಾಗಿ ಹತ್ತು ಟ್ರಿಕ್. ಆ ಕಡೆ ಟೇಬಲ್ಲಿನಲ್ಲಿ ರಾಯರು ರಾಜ ಎಡಗಡೆಯೇ ಇದೆ ಅಂತ ನಂಬಿ, ಏಳರ ಮೇಲೆ ರಾಣಿ ಹಾಕಿ ಫಿನೆಸ್ ತೆಗೆದುಕೊಂಡರು. ರಾಣಿ ನಿಂತಿತು, ಆಮೇಲೆ ರಾಜ ಎಕ್ಕದ ಕೆಳಗೆ ಸಿಕ್ಕಿತು, ಹನ್ನೊಂದು ಟ್ರಿಕ್. ಅವರಿಗೆ 650, ನಮಗೆ 620. ಟೀಮ್ ಆಟದಲ್ಲಿ ಅಂಕದ ವ್ಯತ್ಯಾಸವನ್ನು ಇಂಪ್ ಅನ್ನುವ ಮಾನಕ್ಕೆ ಇಳಿಸುತ್ತಾರೆ; ಮೂವತ್ತರ ವ್ಯತ್ಯಾಸಕ್ಕೆ ಒಂದು ಇಂಪ್.

“ಎಕ್ಕ ಬಡಿಯೋದಕ್ಕೆ ಬ್ರಿಜ್ ಯಾಕ್ರೀ ಸ್ವಾಮಿ, ಕತ್ತೆ ಆಟ ಸಾಕಲ್ಲ!” ಅಂತ ರಾಯರು ಊಟ ಮುಗಿಯುವವರೆಗೂ ಛೇಡಿಸಿದರು. ಚಿಕ್ಕಪ್ಪ ಸಾರನ್ನ ಕಲೆಸುತ್ತಾ, “ಒಂಟಿ ರಾಜ ಬಲಗಡೆ ಇದ್ದಿದ್ರೆ ನೋಡ್ಬೇಕಿತ್ತು ನಿಮ್ಮ ಮುಖಾನ” ಅಂದದ್ದಷ್ಟೇ. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಇವತ್ತು ತಿಂಡಿಯಾದ ಮೇಲೆ ಹಾಳೆ ತೆಗೆದುಕೊಂಡು ಕೂತೆ.

ನಾಲ್ಕು ಎಲೆ ಇಬ್ಬರಲ್ಲಿ ಹಂಚಿಹೋಗಲು ಹದಿನಾರು ದಾರಿ. ನಾಲ್ಕೂ ಒಬ್ಬರಲ್ಲೇ ಇರುವುದು ಎರಡು ಬಗೆ, ಮೂರು-ಒಂದು ಎಂಟು ಬಗೆ, ಎರಡೆರಡು ಆರು ಬಗೆ. ಆದರೆ ಹದಿನಾರಕ್ಕೂ ತೂಕ ಒಂದೇ ಅಲ್ಲ. ಒಬ್ಬರ ಕೈಗೆ ಒಂದು ಎಲೆ ಹೋದರೆ ಅಲ್ಲಿ ಹದಿಮೂರರ ಬದಲು ಹನ್ನೆರಡೇ ಜಾಗ ಉಳಿಯುತ್ತದೆ, ಎದುರಿನವರಲ್ಲಿ ಇನ್ನೂ ಹದಿಮೂರು ಖಾಲಿ. ಆದ್ದರಿಂದ ನಿರ್ದಿಷ್ಟವಾದ ಒಂದು ಎರಡೆರಡು ಹಂಚಿಕೆಗೆ 13×12×13×12, ಒಂದು ಮೂರು-ಒಂದಕ್ಕೆ 13×12×11×13, ನಾಲ್ಕೂ ಒಂದೇ ಕಡೆಗೆ 13×12×11×10. ಎಲ್ಲವನ್ನೂ 26×25×24×23ರಿಂದ, ಅಂದರೆ 3,58,800ರಿಂದ ಭಾಗಿಸಿದರೆ ಕ್ರಮವಾಗಿ ಶೇ 6.78, 6.22 ಮತ್ತು 4.78. ಒಟ್ಟಾರೆ ನೋಡಿದರೆ ಮೂರು-ಒಂದು ಬೀಳುವುದೇ ಹೆಚ್ಚು, ಶೇ 49.7. ಎರಡೆರಡು ಶೇ 40.7 ಮಾತ್ರ. ಬಿಡಿಬಿಡಿಯಾಗಿ ತೂಗಿದರೆ ಮಾತ್ರ ಎರಡೆರಡರದ್ದೇ ಒಂದು ಕೈ ಮೇಲು. ಈ ಲೆಕ್ಕಗಳನ್ನೆಲ್ಲ ಫ್ರಾನ್ಸಿನ ಗಣಿತಜ್ಞ ಎಮಿಲ್ ಬೊರೆಲ್, ಆಂದ್ರೆ ಶೆರಾನ್ ಜೊತೆ ಸೇರಿ 1940ರಲ್ಲೇ ಪುಸ್ತಕ ಮಾಡಿಟ್ಟಿದ್ದಾರೆ. ಆದರೂ ನಾವೇ ಗೀಚಿ ನೋಡುವ ಸುಖ ಬೇರೆ.

ಮೊದಲು ರಾಯರ ರಾಣಿ. ತುರುಪಿನಲ್ಲಿ ಐದೂ ಟ್ರಿಕ್ ಸಿಗಬೇಕಾದರೆ ಎಡಗಡೆಯವರಲ್ಲಿ ರಾಜ-ಏಳು, ರಾಜ-ಮೂರು, ರಾಜ-ಗುಲಾಮ ಅಥವಾ ರಾಜ-ಏಳು-ಮೂರು ಇರಬೇಕು. ಕೊನೆಯದರಲ್ಲಿ ರಾಣಿಯ ಕೆಳಗೆ ಬಲಗಡೆಯ ಒಂಟಿ ಗುಲಾಮ ಬೀಳುತ್ತದೆ, ಮುಂದಿನ ಸುತ್ತಿನಲ್ಲಿ ಹತ್ತು ಹಾಕಿ ರಾಜನನ್ನು ಹಿಡಿಯಬಹುದು. ಕೂಡಿದರೆ ಶೇ 26.6. ಎಕ್ಕ ಮೊದಲು ಇಳಿಸುವವರಿಗೆ ಐದು ಟ್ರಿಕ್ ಸಿಗುವುದು ಬಲಗಡೆ ಒಂಟಿ ರಾಜ ಇದ್ದಾಗ ಮಾತ್ರ, ಶೇ 6.2, ಅಂದರೆ ಇದರ ಕಾಲು ಭಾಗಕ್ಕೂ ಕಡಿಮೆ. ಇಲ್ಲಿಯವರೆಗೆ ರಾಯರೇ ಗೆದ್ದರು.

ಆದರೆ ಬೇಕಿದ್ದದ್ದು ನಾಲ್ಕೇ ಟ್ರಿಕ್. ಅದನ್ನೂ ಕೊಡದ ಹಂಚಿಕೆಗಳು ಕೆಲವಿವೆ: ಬಲಗಡೆ ನಾಲ್ಕೂ ಎಲೆ, ಅಥವಾ ರಾಜ-ಗುಲಾಮದ ಜೊತೆ ಇನ್ನೊಂದು. ಅಲ್ಲಿ ಯಾರು ಹೇಗೆ ಆಡಿದರೂ ಎರಡು ಟ್ರಿಕ್ ಹೋಗುತ್ತದೆ. ಅವನ್ನು ಕಳೆದರೆ ಉಳಿಯುವುದು ಶೇ 82.8. ಎಕ್ಕ ಮೊದಲು ಇಳಿಸಿ, ಆಮೇಲೆ ಕೈಯಿಂದ ರಾಣಿ-ಹತ್ತರ ಕಡೆಗೆ ಆಡಿದರೆ ಈ 82.8 ಪೂರ್ತಿ ಸಿಗುತ್ತದೆ. ಹಂಚಿಕೆಗಳನ್ನು ಒಂದೊಂದಾಗಿ ಬರೆದು ನೋಡಿದೆ, ನಡುವೆ ಊಹೆ ಮಾಡಬೇಕಾದ ಜಾಗವೇ ಬರುವುದಿಲ್ಲ.

ರಾಣಿಗೆ ಒಂದು ಕಡೆ ಕಾಲು ಸಿಕ್ಕಿಕೊಳ್ಳುತ್ತದೆ, ಚಿಕ್ಕಪ್ಪ ಹೇಳಿದ ಒಂಟಿ ರಾಜನ ಹತ್ತಿರವೇ. ಬಲಗಡೆ ರಾಜ ಮಾತ್ರ, ಎಡಗಡೆ ಗುಲಾಮ-ಏಳು-ಮೂರು ಅಂದುಕೊಳ್ಳಿ. ರಾಣಿಯನ್ನು ರಾಜ ಹೊಡೆಯುತ್ತದೆ. ಎರಡನೇ ಸುತ್ತಿನಲ್ಲಿ ಎಡಗಡೆಯವರು ಮತ್ತೆ ಸಣ್ಣ ಎಲೆಯನ್ನೇ ಹಾಕುತ್ತಾರೆ. ಗುಲಾಮ ಅವರಲ್ಲೇ ಇದೆಯೋ, ಇಲ್ಲ ಬಲಗಡೆ ರಾಜನ ಜೊತೆಗಿದ್ದು ಈಗ ಒಂಟಿಯಾಗಿದೆಯೋ? ಎಲೆ ನೋಡಿ ತಿಳಿಯುವ ಉಪಾಯ ಇಲ್ಲ. ಬಲಗಡೆ ರಾಜ-ಗುಲಾಮ ಎರಡೂ ಇದ್ದವರು ರಾಣಿಯ ಮೇಲೆ ರಾಜನನ್ನೇ ಹಾಕಬೇಕು, ಬೇರೆ ದಾರಿ ಅವರಿಗಿಲ್ಲ. 6.78 ಎದುರು 6.22, ಹಾಗಾಗಿ ಎಕ್ಕ ಹಾಕುವುದೇ ಲೇಸು. ಆದರೆ ಹಾಗೆ ಮಾಡಿದಾಗ ಆ 6.22 ಕೈತಪ್ಪುತ್ತದೆ. ರಾಣಿಯ ಪಾಲಿಗೆ ಉಳಿಯುವುದು ಶೇ 76.6.

ಇನ್ನು ಬೆಲೆ ಕಟ್ಟಬೇಕು. ನೂರು ಸಲ ಈ ಎಲೆ ಬಂದರೆ ಸುಮಾರು ಇಪ್ಪತ್ತೇಳು ಸಲ ರಾಯರಿಗೆ ಒಂದು ಟ್ರಿಕ್ ಹೆಚ್ಚು, ಪ್ರತಿ ಸಲವೂ ಒಂದು ಇಂಪ್. ಸುಮಾರು ಆರು ಸಲ ಚಿಕ್ಕಪ್ಪನ ಆಟ ಗೆದ್ದು ರಾಯರದ್ದು ಬೀಳುತ್ತದೆ. ನಿನ್ನೆ ನಾವು ವಲ್ನರಬಲ್ (ಗೆದ್ದರೆ ಅಂಕ, ಸೋತರೆ ದಂಡ ಎರಡೂ ಹೆಚ್ಚಿರುವ ಸ್ಥಿತಿ) ಇದ್ದದ್ದರಿಂದ, ಒಂಟಿ ರಾಜ ಎಕ್ಕದ ಕೆಳಗೆ ಬಿದ್ದು ಒಂದು ಕಡೆ 650, ಇನ್ನೊಂದು ಕಡೆ 100 ದಂಡ, ಒಟ್ಟು 750ರ ಅಂತರ, ಅಂದರೆ 13 ಇಂಪ್. ಒಂದು ತಕ್ಕಡಿಯಲ್ಲಿ 27, ಇನ್ನೊಂದರಲ್ಲಿ 81. ವಲ್ನರಬಲ್ ಅಲ್ಲದಿದ್ದರೂ 500ಕ್ಕೆ 11 ಇಂಪ್, ಆಗಲೂ ಎರಡೂವರೆ ಪಟ್ಟು. ನಿನ್ನೆ ಬಿದ್ದ ಎಲೆ ರಾಯರ ಪರ ಇತ್ತು, ಲೆಕ್ಕ ಚಿಕ್ಕಪ್ಪನ ಪರ ಇದೆ.

ಇದನ್ನೇ ಪೇರ್ಸ್, ಅಂದರೆ ಜೋಡಿಗಳ ನಡುವಿನ ಆಟಕ್ಕೆ ಒಯ್ದರೆ ಎಲ್ಲ ತಲೆಕೆಳಗು. ಅಲ್ಲಿ ಹತ್ತು ಅಂಕದಿಂದ ಗೆದ್ದರೂ ಏಳುನೂರರಿಂದ ಗೆದ್ದರೂ ಫಲ ಒಂದೇ, ಎಷ್ಟು ಸಲ ಗೆದ್ದಿರಿ ಅನ್ನುವುದೇ ಮುಖ್ಯ. ಇಪ್ಪತ್ತೇಳು ಸಲ ಮುಂದೆ, ಆರು ಸಲ ಹಿಂದೆ: ಕಣ್ಣು ಮುಚ್ಚಿ ರಾಣಿ. ರಾಯರು ವರ್ಷಗಟ್ಟಲೆ ಕ್ಲಬ್ಬಿನಲ್ಲಿ ಆಡಿದ್ದು ಹೆಚ್ಚಾಗಿ ಪೇರ್ಸ್, ಕೈ ಅದಕ್ಕೇ ಪಳಗಿದೆ. ಪುಸ್ತಕದ ಕೋಷ್ಟಕದಲ್ಲಿ ಈ ಸೂಟ್ ಹುಡುಕುವವರು ಮೊದಲು ನಾಲ್ಕು ಬೇಕೋ ಐದು ಬೇಕೋ ಅಂತ ನಿರ್ಧರಿಸಿಕೊಂಡು ಹೋಗಬೇಕು. ಇಲ್ಲದಿದ್ದರೆ ಸರಿಯಾದ ಉತ್ತರ ಸಿಗುತ್ತದೆ, ಬೇರೆ ಯಾರದ್ದೋ ಪ್ರಶ್ನೆಗೆ.

ಮಧ್ಯಾಹ್ನ ಹಾಳೆಯ ಫೋಟೊ ತೆಗೆದು ರಾಯರಿಗೆ ಕಳಿಸಿದೆ. ಸೋಲೊಪ್ಪುವ ಜಾಯಮಾನ ಅವರದ್ದಲ್ಲ. ತಕ್ಷಣ ಉತ್ತರ: “ಎಲ್ಲಾ ಸರಿ ಕಣಮ್ಮಾ, ಹತ್ತು ಹಾಕಿದ್ರೆ?”

ಒಳ್ಳೆಯ ಪ್ರಶ್ನೆ. ಹತ್ತು ಹಾಕುವುದೆಂದರೆ ರಾಜ-ಗುಲಾಮ ಎರಡೂ ಎಡಗಡೆಯೇ ಇವೆ ಅಂತ ನಂಬಿ ಹೊರಡುವುದು. ಆ ನಾಲ್ಕು ಹಂಚಿಕೆಗಳು ಸೇರಿ ಶೇ 24. ರಾಣಿಯ 26.6ಕ್ಕೆ ತೀರಾ ಹತ್ತಿರ, ಆದರೂ ಕಡಿಮೆ. ನಾಲ್ಕು ಟ್ರಿಕ್ ಸಾಕು ಅನ್ನುವಾಗಲೂ ಹತ್ತಕ್ಕೆ ತೊಂದರೆಯಿದೆ. ಬಲಗಡೆಯಿಂದ ಗುಲಾಮ ಬಂದು ಹೊಡೆದರೆ ಅದು ಒಂಟಿಯೋ, ರಾಜನ ಜೊತೆಯದೋ? ರಾಜ-ಗುಲಾಮ ಇಟ್ಟುಕೊಂಡ ಎದುರಾಳಿ ಪ್ರತಿ ಸಲವೂ ಗುಲಾಮನನ್ನೇ ಹಾಕುವಷ್ಟು ಶಿಸ್ತಿನವರಾದರೆ ಅಲ್ಲೂ 76.6ಕ್ಕೇ ನಿಲ್ಲುತ್ತದೆ. ಒಮ್ಮೆ ರಾಜ, ಒಮ್ಮೆ ಗುಲಾಮ ಅಂತ ಸಮನಾಗಿ ಬದಲಿಸುವವರಾದರೆ 79.4ರವರೆಗೆ ಏರಬಹುದು, ಎಕ್ಕದ 82.8ನ್ನು ಮುಟ್ಟುವುದಿಲ್ಲ.

ಹಾಗಂತ ಹತ್ತನ್ನು ತಳ್ಳಿಹಾಕಲು ಮನಸ್ಸು ಬರಲಿಲ್ಲ. ನಿನ್ನೆ ಎದುರಾಳಿಗಳು ಪಾಸ್ ಬಿಟ್ಟು ಬೇರೇನೂ ಅಂದಿರಲಿಲ್ಲ. ಬಲಗಡೆಯವರು ಆಟದ ಶುರುವಿಗೇ ಮೂರು ಕಳಾವರ್ ಕರೆದಿದ್ದರೆ? ಅವರಲ್ಲಿ ಏಳು ಕಳಾವರ್, ಎಡಗಡೆ ಎರಡು ಅಂತ ಹಿಡಿಯಿರಿ. ಆಗ ಬಲಗಡೆ ಆರು ಜಾಗ ಖಾಲಿ, ಎಡಗಡೆ ಹನ್ನೊಂದು. ಅದೇ ಗುಣಾಕಾರವನ್ನು ಹೊಸ ಸಂಖ್ಯೆಗಳಲ್ಲಿ ಮಾಡಿದೆ. ಐದು ಟ್ರಿಕ್ಕಿಗೆ ರಾಣಿ ಶೇ 27.7, ಹತ್ತು ಶೇ 40.4! ಕರೆ ಎಡಗಡೆಯಿಂದ ಬಂದಿದ್ದರೆ ರಾಣಿ 19.6ಕ್ಕೂ ಹತ್ತು 11ಕ್ಕೂ ಇಳಿಯುತ್ತವೆ.

ಇದನ್ನೂ ರಾಯರಿಗೆ ಕಳಿಸಿದ್ದೇನೆ. ಚಿಕ್ಕಪ್ಪನಿಗೆ ತೋರಿಸಿದರೆ ಕನ್ನಡಕ ಏರಿಸಿ ನೋಡಿ, “ನಾಲ್ಕು ಟ್ರಿಕ್ ಸಾಕಾದ್ರೆ ಆಗ್ಲೂ ಎಕ್ಕಾನೇ ತಾನೇ?” ಅಂದರು. ಹೌದು, ಆಗಲೂ ಎಕ್ಕವೇ.