ಮೊಟ್ಟೆ ಇಡದೆ ಮರಳಿದ ಕಡಲಾಮೆ

ಶಿವರಾತ್ರಿಯ ರಜೆಗೆ ಹೊನ್ನಾವರದ ಕಡೆ ಹೋಗಿಬಂದ ಸಹೋದ್ಯೋಗಿಯೊಬ್ಬರು ಈ ವಾರ ತುಮಕೂರಿನ ನಮ್ಮ ಕಚೇರಿಯಲ್ಲಿ ಊಟದ ಡಬ್ಬಿ ಮುಚ್ಚುವ ಮೊದಲೇ ಅಲ್ಲಿ ತೆಗೆದ ವಿಡಿಯೊ ತೋರಿಸಲು ತಮ್ಮ ಮೊಬೈಲನ್ನು ಕೈಯಿಂದ ಕೈಗೆ ದಾಟಿಸಿದರು. “ನಮ್ಮ ಲಕ್ ಸರಿಯಿರಲಿಲ್ಲ ಸಾರ್, ಮೊಟ್ಟೆ ಇಡದೇ ವಾಪಸ್ ಹೊರಟುಬಿಡ್ತು” ಎಂದರು. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಅಮಾವಾಸ್ಯೆ ಸಮೀಪದ ಗವ್ವೆನ್ನುವ ಕತ್ತಲಲ್ಲಿ ಆಲಿವ್ ರಿಡ್ಲಿ ಕಡಲಾಮೆಯೊಂದು ಹಸಿ ಮರಳನ್ನು ದಾಟಿ ಒಣ ಮರಳಿಗೆ ಏರುತ್ತಿರುವಾಗ ಮೊಬೈಲ್ ಟಾರ್ಚಿನ ಬಿಳಿ ಬೆಳಕು ನೇರವಾಗಿ ಅದರ ಕಣ್ಣಿಗೆ ಬೀಳುತ್ತದೆ. ಆಮೆ ನಿಲ್ಲುತ್ತದೆ, ಕತ್ತನ್ನು ತುಸು ಎತ್ತುತ್ತದೆ, ಒಂದು ಮುಂಗಾಲನ್ನು ಮರಳಿಗೆ ಊರಿ, ಮೈಯೆಲ್ಲ ಎಳೆದುಕೊಂಡು ಕಡಲಿಗೆ ಮುಖ ತಿರುಗಿಸುತ್ತದೆ. ಚೌಕಟ್ಟಿನ ಅಂಚಿನಲ್ಲಿ ಲುಂಗಿಯುಟ್ಟ ಸ್ಥಳೀಯರೊಬ್ಬರು ದೀಪ ಆರಿಸಿರೆಂದು ಕೈಯಾಡಿಸುತ್ತಿದ್ದಾರೆ. ಲಕ್ ಎಲ್ಲಿ ಕೆಟ್ಟಿತೆಂಬುದು ಆ ವಿಡಿಯೊದಲ್ಲೇ ಇದೆ. ನೋಡಿದವರೆಲ್ಲ “ಅಯ್ಯೋ, ಪಾಪ” ಎಂದರು, ಆಮೆಗಲ್ಲ, ಸಹೋದ್ಯೋಗಿಗೆ.

ಹೆಣ್ಣಾಮೆ ನೆಲಕ್ಕೆ ಬರುವುದೇ ಮೊಟ್ಟೆಯಿಡುವುದಕ್ಕೆ. ಹಿಂಗಾಲುಗಳಿಂದ ಸುಮಾರು ಒಂದೂವರೆ ಅಡಿ ಆಳದ ಗುಳಿ ತೋಡಿ, ನೂರಕ್ಕೂ ಹೆಚ್ಚು ಮೊಟ್ಟೆಯಿಟ್ಟು, ಮರಳು ಮುಚ್ಚಿ, ತನ್ನ ಮೈಯಿಂದಲೇ ಬಡಿದು ಗಟ್ಟಿಮಾಡಿ ಹೋಗುತ್ತದೆ. ಮೊಟ್ಟೆಯಿಡಲು ಶುರುಮಾಡಿದ ಮೇಲೆ ಅದು ಸುಲಭಕ್ಕೆ ಕದಲುವುದಿಲ್ಲ. ಆದರೆ ಮೇಲೇರುವಾಗ, ಗುಳಿ ತೋಡುವಾಗ, ಒಂದು ಬೆಳಕು, ಒಂದು ನೆರಳು ಸಾಕು ಹಿಂದಿರುಗುವುದಕ್ಕೆ. ಆದ್ದರಿಂದಲೇ ತಿಳಿದವರು ದೂರದಲ್ಲಿ ಸದ್ದಿಲ್ಲದೆ ಕುಳಿತು ಕಾಯುತ್ತಾರೆ. ಮೊಟ್ಟೆ ಬೀಳತೊಡಗಿದ ಮೇಲಷ್ಟೇ, ಅದೂ ಬೆನ್ನ ಹಿಂದಿನಿಂದ, ಮಂದವಾದ ಕೆಂಪು ದೀಪದಲ್ಲಿ ನೋಡುತ್ತಾರೆ. ಹೆದರಿ ಹೋದ ಆಮೆ ಅದೇ ರಾತ್ರಿಯೋ ಮರುರಾತ್ರಿಯೋ ಮತ್ತೆ ಬರಬಹುದು ನಿಜ, ಆದರೆ ಅಷ್ಟು ಭಾರದ ಮೈಯನ್ನು ಅದು ಮತ್ತೊಮ್ಮೆ ಮರಳ ಮೇಲೆ ಎಳೆಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅತಿ ಹೆಚ್ಚಿನ ರಕ್ಷಣೆ ಕೊಡುವ ಮೊದಲನೆಯ ಅನುಸೂಚಿಯಲ್ಲಿರುವ ಜೀವಿಯಿದು ಎಂಬುದನ್ನು ಅವರು ಉಳಿದುಕೊಂಡಿದ್ದ ರೆಸಾರ್ಟಿನವರಾದರೂ ಹೇಳಬೇಕಿತ್ತು. ಆ ರೆಸಾರ್ಟಿನವರೇ ಕಡಲ ಕಡೆಗೆ ಸಾಲುದೀಪ ಹಾಕಿದ್ದರಂತೆ. ಒಂದೂವರೆ ಎರಡು ತಿಂಗಳಲ್ಲಿ ಹೊರಬರುವ ಮರಿಗಳು ಬೆಳಕಿರುವ ದಿಕ್ಕೇ ಕಡಲೆಂದು ನಂಬಿ ಹೊರಡುತ್ತವೆಂಬ ಯೋಚನೆ ಅಲ್ಲಿ ಯಾರಿಗೂ ಬಂದಂತಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಈ ಸಹೋದ್ಯೋಗಿಯ ಊರು. ಇವರು ಶಿರಾ ತಾಲ್ಲೂಕಿನವರು, ಕಗ್ಗಲಡುವಿನ ಹತ್ತಿರದವರು. ಅಲ್ಲಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಕಾಲದಲ್ಲಿ ಇವರೇ ನಮ್ಮನ್ನು ಕರೆದೊಯ್ದಿದ್ದರು. ಮರದ ಕೆಳಗೆ ಚಪ್ಪಾಳೆ ತಟ್ಟಿದ ಹುಡುಗನೊಬ್ಬನನ್ನು ಗದರಿಸಿ ಜೀಪಿಗೆ ಹತ್ತಿಸಿದ್ದರು. ತುಂಬಾ ಒಳ್ಳೆಯ ಮನುಷ್ಯ, ಕೊಡುಗೈ ಬೇರೆ. ಊರಿನ ಹಕ್ಕಿಗೆ ತೋರಿದ ಆ ಮರ್ಯಾದೆ ಕರಾವಳಿಯ ಆಮೆಗೆ ಏಕೆ ಸಲ್ಲಲಿಲ್ಲ? ಊರಿನಲ್ಲಿ ನಾವು ನೆರೆಯವರು, ಪ್ರವಾಸದಲ್ಲಿ ಗಿರಾಕಿಗಳು ಎಂದೇ ನನಗೆ ಅನ್ನಿಸುತ್ತದೆ. ರೂಮಿಗೆ ಬಾಡಿಗೆ ಕೊಟ್ಟ ಮೇಲೆ ಸೂರ್ಯಾಸ್ತ, ಮೀನೂಟ, ಆಮೆ ಎಲ್ಲವೂ ಆ ಲೆಕ್ಕಕ್ಕೇ ಸೇರಿಹೋಗುತ್ತವೆ.

ಮುಂದಿನ ವರ್ಷ ಒಡಿಶಾದ ಋಷಿಕುಲ್ಯಾ ನದೀಮುಖಕ್ಕೆ, ಆಮೆಗಳು ಸಾವಿರಗಟ್ಟಲೆ ಒಟ್ಟಾಗಿ ಮೊಟ್ಟೆಯಿಡುವ ಜಾಗಕ್ಕೆ ಹೋಗೋಣವೆಂದು ಅವರು ಹೇಳುತ್ತಿದ್ದಾರೆ. ನನಗೂ ಒಂದು ಸೀಟು ಇಟ್ಟಿದ್ದಾರೆ. ಟಾರ್ಚು ಬೇಡ, ಆಮೆಯ ಹಿಂದೆಯೇ ನಿಲ್ಲಬೇಕು ಎಂದು ನಾನು ಸಾಧ್ಯವಾದಷ್ಟು ಮೆತ್ತಗೆ ಹೇಳಿದೆ. ಅವರು ನಿಜವಾಗಿಯೂ ಯೋಚಿಸಿ ಕೇಳಿದರು: “ಹಿಂದೆ ನಿಂತ್ರೆ ಅದರ ಮುಖ ಹೇಗೆ ಬರುತ್ತೆ ಸಾರ್?”