ಒಂದು ಸೀಟು ಕೈಗೆ ಬಂದಿದೆ, ಉಳಿದ ಮೆಡಿಕಲ್ ಇಂಟರ್ವ್ಯೂಗಳಿಗೆ ಹೋಗಬೇಕೇ?

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಮನೆಗಳಿಂದ ನವೆಂಬರ್ ಬಂತೆಂದರೆ ಈ ಪ್ರಶ್ನೆ ಬರುತ್ತದೆ: "ಮಗಳಿಗೆ ಒಂದು ಮೆಡಿಕಲ್ ಸ್ಕೂಲಲ್ಲಿ ಸೀಟು ಸಿಕ್ಕಿತು. ಇನ್ನೂ ನಾಲ್ಕು ಇಂಟರ್ವ್ಯೂ ಬಾಕಿ ಇವೆ, ಅವಳು ಸುಸ್ತಾಗಿದ್ದಾಳೆ. ಬಿಟ್ಟುಬಿಡಬಹುದಾ?"

ಕೆಲವನ್ನು ಬಿಡಬಹುದು, ಇವತ್ತೇ ಬಿಡಬಹುದು. ಆದರೆ ಕೈಯಲ್ಲಿರುವ ಸೀಟಿಗೆ ನಾಲ್ಕು ವರ್ಷಕ್ಕೆ ಎಷ್ಟು ಖರ್ಚು ಎಂಬುದು ಕಾಗದದ ಮೇಲೆ ಬರುವವರೆಗೆ, ಅದಕ್ಕಿಂತ ಕಡಿಮೆ ಖರ್ಚಿನಲ್ಲಿ ಮುಗಿಯಬಹುದಾದ ಯಾವ ಕಾಲೇಜನ್ನೂ ಬಿಡಬೇಡಿ.

ಊರಿನ ಸಿಇಟಿ ಬಲ್ಲ ಅಪ್ಪ ಅಮ್ಮಂದಿರಿಗೆ ಕೆಇಎ ಸೀಟು ಹಂಚಿಕೆಯ ಚಾಯ್ಸ್ 2 ಗೊತ್ತಿರಬಹುದು: ಸಿಕ್ಕ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗುವುದು. ಆದರೆ ಅಲ್ಲಿ ಮೇಲಿನ ಆಯ್ಕೆ ಸಿಕ್ಕಿದೊಡನೆ ಹಳೇ ಸೀಟು ತಾನಾಗಿ ಹೋಗುತ್ತದೆ. ಇಲ್ಲಿ ಹಾಗಲ್ಲ. ಎರಡನೆಯದು ಬಂದರೂ ಮೊದಲನೆಯದು ನಿಮ್ಮದೇ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅಳೆಯಬಹುದು. ಇನ್ನೊಂದು ಇಂಟರ್ವ್ಯೂಗೆ ಹೋದರೆ ಸಿಕ್ಕಿದ್ದು ತಪ್ಪೀತು ಎಂಬ ಭಯ ಆಮ್‌ಕ್ಯಾಸ್ ಎಂಬ ಸಾಮಾನ್ಯ ಅರ್ಜಿ ವ್ಯವಸ್ಥೆಯ ಮೂಲಕ ಅರ್ಜಿ ಹಾಕುವ ಎಂಡಿ (ಇಲ್ಲಿನ ಮೂಲ ವೈದ್ಯ ಪದವಿ, ಊರಿನ ಎಂಬಿಬಿಎಸ್ ಇದ್ದಂತೆ) ಕಾಲೇಜುಗಳ ಮಟ್ಟಿಗೆ ಬೇಡ.

ಆ ಕಾಲೇಜುಗಳು ಅನುಸರಿಸುವ, ಅವುಗಳ ಒಕ್ಕೂಟ ಎಎಎಂಸಿಯ ಕ್ರಮದ ಕ್ಯಾಲೆಂಡರ್ ಹೀಗಿದೆ. ಸಾಮಾನ್ಯ ಅರ್ಜಿದಾರರಿಗೆ ಸೀಟು ಕೊಡುವುದು ಅಕ್ಟೋಬರ್ 15ರಿಂದ. ಏಪ್ರಿಲ್ 15ರ ಹೊತ್ತಿಗೆ ಕೈಯಲ್ಲಿ ಮೂರಕ್ಕಿಂತ ಹೆಚ್ಚು ಸೀಟು ಇರಬಾರದು. ಏಪ್ರಿಲ್ 30ಕ್ಕೆ ಒಂದೇ ಉಳಿಯಬೇಕು, ಬೇರೆ ಕಡೆಯ ವೇಟ್‌ಲಿಸ್ಟ್‌ನಲ್ಲಿ ಮಾತ್ರ ಮುಂದುವರಿಯಬಹುದು. ಸೀಟು ಕಾಯ್ದಿರಿಸುವ ಡಿಪಾಸಿಟ್ 100 ಡಾಲರ್ ಮೀರಬಾರದು, ಏಪ್ರಿಲ್ 30ರವರೆಗೆ ವಾಪಸ್ ಸಿಗಬೇಕು. ವಸಂತದಲ್ಲಿ ಪೋರ್ಟಲ್‌ನಲ್ಲಿ 'ಪ್ಲಾನ್ ಟು ಎನ್‌ರೋಲ್', 'ಕಮಿಟ್ ಟು ಎನ್‌ರೋಲ್' ಎಂಬ ಎರಡು ಆಯ್ಕೆಗಳು ತೆರೆದುಕೊಳ್ಳುತ್ತವೆ. ಮೊದಲನೆಯದನ್ನು ಆರಿಸಿದರೂ ವೇಟ್‌ಲಿಸ್ಟ್‌ನಲ್ಲಿ ಇರಬಹುದು. ಎರಡನೆಯದನ್ನು ಆರಿಸಿದರೆ ವೇಟ್‌ಲಿಸ್ಟ್ ಸೇರಿದಂತೆ ಎಲ್ಲ ಕಡೆಯಿಂದಲೂ ಹೊರಬರಬೇಕು. ಉತ್ಸಾಹದಲ್ಲಿ ಎರಡನೆಯದನ್ನು ಒತ್ತಿಬಿಡುವವರಿದ್ದಾರೆ, ದಯವಿಟ್ಟು ನಿಧಾನಿಸಿ.

ಈಗ ದುಡ್ಡಿನ ಮಾತು. ಇಂಟರ್ವ್ಯೂ ಬಿಡುವಾಗ ಮಕ್ಕಳು ಕಡೆಗಣಿಸುವುದೂ ಇದನ್ನೇ, ಮುಂದೆ ಹೆಚ್ಚು ನೋಯಿಸುವುದೂ ಇದೇ. ಸೀಟು ಬಂದ ಪತ್ರದಲ್ಲಿ ನೆರವಿನ ಮೊತ್ತ ಸಾಮಾನ್ಯವಾಗಿ ಇರುವುದಿಲ್ಲ, ಅದು ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಎರಡು ಕಾಲೇಜುಗಳ ನಡುವೆ ವರ್ಷಕ್ಕೆ 25,000 ಡಾಲರ್ ವ್ಯತ್ಯಾಸವಿದ್ದರೂ ನಾಲ್ಕು ವರ್ಷಕ್ಕೆ 1,00,000 ಆಯಿತು. ಅಷ್ಟು ಸಾಲಕ್ಕೆ ಶೇ. 8ರ ಬಡ್ಡಿ ಎಂದರೆ ವರ್ಷಕ್ಕೆ 8,000, ಅದೂ ರೆಸಿಡೆನ್ಸಿಯ (ಪದವಿಯ ನಂತರದ ಆಸ್ಪತ್ರೆ ತರಬೇತಿ) ಸಣ್ಣ ಸಂಬಳದ ವರ್ಷಗಳಲ್ಲಿ ಬೆಳೆಯುತ್ತಾ ಹೋಗುತ್ತದೆ. 2025ರ ಜುಲೈನಲ್ಲಿ ಬಂದ ಕಾನೂನಿನಿಂದ ಲೆಕ್ಕ ಇನ್ನೂ ಬಿಗಿಯಾಗಿದೆ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಪೂರ್ತಿ ಖರ್ಚಿನವರೆಗೂ ಸಿಗುತ್ತಿದ್ದ ಗ್ರಾಡ್ ಪ್ಲಸ್ ಎಂಬ ಫೆಡರಲ್ ಸಾಲ ಇಲ್ಲ. ಮೆಡಿಕಲ್‌ನಂಥ ಕೋರ್ಸ್‌ಗಳಿಗೆ ಫೆಡರಲ್ ಸಾಲದ ಮಿತಿ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್. ಊಟ, ಬಾಡಿಗೆ ಸೇರಿ ವರ್ಷದ ಖರ್ಚು ಇದನ್ನು ಮೀರುವ ಕಾಲೇಜುಗಳು ಬಹಳ. ಮಿಕ್ಕಿದ್ದನ್ನು ಖಾಸಗಿ ಸಾಲದಿಂದಲೋ ಅಪ್ಪ ಅಮ್ಮನ ಉಳಿತಾಯದಿಂದಲೋ ತುಂಬಬೇಕು.

ಆದ್ದರಿಂದ ಕೈಯಲ್ಲಿರುವುದು ದುಬಾರಿ ಖಾಸಗಿ ಕಾಲೇಜಾಗಿದ್ದು, ಬಾಕಿ ಇರುವುದು ನಿಮ್ಮದೇ ರಾಜ್ಯದ ಸರ್ಕಾರಿ ಕಾಲೇಜಾಗಿದ್ದರೆ, ಆ ಇಂಟರ್ವ್ಯೂ ತಪ್ಪಿಸಲೇಬಾರದು. ನ್ಯೂಯಾರ್ಕ್ ಯೂನಿವರ್ಸಿಟಿಯ ಮೆಡಿಕಲ್ ಸ್ಕೂಲು 2018ರಲ್ಲಿ, ಆಲ್ಬರ್ಟ್ ಐನ್‌ಸ್ಟೈನ್ ಕಾಲೇಜು 2024ರಲ್ಲಿ ಎಲ್ಲ ವಿದ್ಯಾರ್ಥಿಗಳ ಟ್ಯೂಷನ್ (ಬೋಧನಾ ಶುಲ್ಕ) ಮನ್ನಾ ಮಾಡಿದವು. ಜಾನ್ಸ್ ಹಾಪ್ಕಿನ್ಸ್ 2024ರಿಂದ 3,00,000 ಡಾಲರ್‌ಗಿಂತ ಕಡಿಮೆ ವರಮಾನದ ಕುಟುಂಬಗಳ ಮಕ್ಕಳಿಗೆ ಟ್ಯೂಷನ್ ತೆಗೆದುಕೊಳ್ಳುತ್ತಿಲ್ಲ. ಇಂಥ ಕಡೆಯಿಂದ ಕರೆ ಬಂದಿದ್ದರೆ ಎಷ್ಟೇ ಆಯಾಸವಾಗಿದ್ದರೂ ಹೋಗಿ. ಎರಡನೇ ಸೀಟಿಗೆ ಇನ್ನೊಂದು ಉಪಯೋಗವಿದೆ: ಒಂದು ಕಾಲೇಜಿನ ಸ್ಕಾಲರ್‌ಶಿಪ್ ಪತ್ರ ತೋರಿಸಿ ಇನ್ನೊಂದರ ಫೈನಾನ್ಶಿಯಲ್ ಏಡ್ ಆಫೀಸನ್ನು ಕೇಳಬಹುದು. ಎಲ್ಲರೂ ಒಪ್ಪುವುದಿಲ್ಲ, ಕೇಳಿದ್ದಕ್ಕೆ ಸೀಟನ್ನೇನೂ ಕಿತ್ತುಕೊಳ್ಳುವುದಿಲ್ಲ. ಇದಕ್ಕಾಗಿ ಫಾಫ್ಸಾ ಎಂಬ ಫೆಡರಲ್ ನೆರವಿನ ಅರ್ಜಿಯನ್ನು ಬೇಗ ತುಂಬಿ. ಮಗ ದುಡಿಯುತ್ತಿದ್ದರೂ ಅನೇಕ ಕಾಲೇಜುಗಳು ತಮ್ಮ ನೆರವಿಗೆ ಅಪ್ಪ ಅಮ್ಮನ ವರಮಾನದ ದಾಖಲೆ ಕೇಳುತ್ತವೆ, ಟ್ಯಾಕ್ಸ್ ಕಾಗದ ಸಿದ್ಧವಾಗಿರಲಿ.

ಹಾಗಾದರೆ ಯಾವುದನ್ನು ಬಿಡುವುದು? ಬಾಕಿ ಇರುವ ಪ್ರತಿ ಕಾಲೇಜಿಗೂ ಅರ್ಜಿದಾರರೇ ಕೂತು ಎರಡು ಪ್ರಶ್ನೆ ಕೇಳಿಕೊಳ್ಳಲಿ. ಖರ್ಚು ಒಂದೇ ಆಗಿದ್ದರೆ ನಾನು ಇಲ್ಲಿಗೇ ಹೋಗುತ್ತೇನಾ? ಇಲ್ಲಿ ವರ್ಷಕ್ಕೆ 25,000 ಕಡಿಮೆಯಾದರೆ? ಎರಡಕ್ಕೂ "ಇಲ್ಲ" ಎಂದಾದರೆ ಅದನ್ನು ಬಿಡಿ. ಒಂದಕ್ಕೆ "ಹೌದು" ಬಂದರೂ ಹೋಗಿ. ಈ ಉತ್ತರ ಹೇಳಬೇಕಾದವರು ಓದುವವರು, ಹೆತ್ತವರಲ್ಲ. ರ‍್ಯಾಂಕಿಂಗ್ ಪಟ್ಟಿಯಲ್ಲಿ ಎಂಟು ಸ್ಥಾನ ಮೇಲಿದೆ ಎಂಬುದಷ್ಟೇ ಕಾರಣವಾದರೆ ಅದು ಸಾಲದು ಎಂದೇ ನಾವು ಹೇಳುತ್ತೇವೆ. ಮನೆಗೆ ಹತ್ತಿರವಿರುವುದು, ಮದುವೆಯಾದವರಿಗೆ ಸಂಗಾತಿಯ ಕೆಲಸ, ತನಗೆ ಬೇಕಾದ ವಿಭಾಗದ ರೆಸಿಡೆನ್ಸಿ ಅದೇ ಆಸ್ಪತ್ರೆಯಲ್ಲಿ ಇರುವುದು, ಇವು ಗಟ್ಟಿ ಕಾರಣಗಳು. ವೈದ್ಯರ ಲೈಸೆನ್ಸ್ ಪರೀಕ್ಷೆಯ ಮೊದಲ ಹಂತವಾದ ಸ್ಟೆಪ್ 1ಕ್ಕೆ 2022ರ ಜನವರಿಯಿಂದ ಅಂಕವಿಲ್ಲ, ಪಾಸು ಫೇಲು ಮಾತ್ರ. ಹಾಗಾಗಿ ರೆಸಿಡೆನ್ಸಿಗೆ ಆರಿಸುವಾಗ ಎರಡನೇ ಹಂತವಾದ ಸ್ಟೆಪ್ 2 ಅಂಕಕ್ಕೂ ಮೂರನೇ ವರ್ಷದ ವಾರ್ಡಿನ ಗ್ರೇಡಿಗೂ ತೂಕ ಹೆಚ್ಚಿದೆ. ಆ ಗ್ರೇಡು ಹೇಗೆ ಕೊಡುತ್ತಾರೆ ಎಂದು ಅಲ್ಲಿನ ವಿದ್ಯಾರ್ಥಿಗಳನ್ನೇ ಕೇಳುವುದಕ್ಕೆ ಇಂಟರ್ವ್ಯೂ ದಿನಕ್ಕಿಂತ ಒಳ್ಳೆಯ ಸಂದರ್ಭವಿಲ್ಲ, ಸೀಟು ಕೈಯಲ್ಲಿದ್ದಾಗಂತೂ ಧೈರ್ಯವಾಗಿ ಕೇಳಬಹುದು.

2020ರ ನಂತರ ಹಲವು ಕಾಲೇಜುಗಳ ಇಂಟರ್ವ್ಯೂ ವಿಡಿಯೊದಲ್ಲೇ ನಡೆಯುತ್ತದೆ. ಅಂಥದ್ದಕ್ಕೆ ಬೇಕಾಗುವುದು ಅರ್ಧ ದಿನ, ಅನುಮಾನವಿದ್ದರೆ ಕೊಟ್ಟುಬಿಡಿ. ವಿಮಾನ ಹತ್ತಬೇಕಾದ್ದಕ್ಕೆ ಮೇಲಿನ ಪ್ರಶ್ನೆಗಳನ್ನು ಇನ್ನಷ್ಟು ನಿಷ್ಠುರವಾಗಿ ಕೇಳಿಕೊಳ್ಳಿ.

ಮೇಲೆ ಹೇಳಿದ ಕ್ಯಾಲೆಂಡರ್ ಎಲ್ಲರಿಗೂ ಹೊಂದುವುದಿಲ್ಲ. ಒಂದೇ ಕಾಲೇಜಿಗೆ ಮೊದಲೇ ಅರ್ಜಿ ಹಾಕುವ ಅರ್ಲಿ ಡಿಸಿಷನ್‌ನಲ್ಲಿ ಸೀಟು ಸಿಕ್ಕಿದ್ದರೆ ಸೇರಲೇಬೇಕು, ಚರ್ಚೆ ಅಲ್ಲಿಗೆ ಮುಗಿಯಿತು. ಹೈಸ್ಕೂಲಿನಿಂದಲೇ ಬಿಎಸ್-ಎಂಡಿ (ಪದವಿ ಮತ್ತು ಮೆಡಿಕಲ್ ಎರಡೂ ಸೇರಿದ) ಸೀಟು ಪಡೆದವರು ಹೊರಗೆ ಅರ್ಜಿ ಹಾಕಿದರೆ ಕೆಲವು ಕಡೆ ಆ ಸೀಟೇ ಹೋಗುತ್ತದೆ, ಕರಾರು ಓದಿ. ಡಿಓ (ಆಸ್ಟಿಯೋಪಥಿಕ್ ವೈದ್ಯ ಪದವಿಯ) ಕಾಲೇಜುಗಳ ಡಿಪಾಸಿಟ್ ದೊಡ್ಡದು, ಹಲವು ಕಡೆ ವಾಪಸ್ ಬರುವುದಿಲ್ಲ. ಕಟ್ಟುವ ಗಡುವಿನೊಳಗೆ ಎಂಡಿ ಇಂಟರ್ವ್ಯೂ ಫಲಿತಾಂಶ ಬರದಿದ್ದರೆ ಆ ಹಣವನ್ನು ವಿಮೆಯ ಕಂತು ಎಂದುಕೊಂಡು ಕಟ್ಟಬೇಕಾಗುತ್ತದೆ. ಟೆಕ್ಸಾಸ್‌ನ ಸರ್ಕಾರಿ ಕಾಲೇಜುಗಳಿಗೆ ಬೇರೆಯೇ ಅರ್ಜಿ, ಅರ್ಜಿದಾರರ ಮತ್ತು ಕಾಲೇಜುಗಳ ಆದ್ಯತೆಯನ್ನು ಹೊಂದಿಸುವ ಬೇರೆಯೇ ಮ್ಯಾಚ್ ಪದ್ಧತಿ. ಇನ್ನು ಎಚ್-4 (ಎಚ್-1ಬಿ ನೌಕರರ ಅವಲಂಬಿತರ) ವೀಸಾದಲ್ಲಿ ಬೆಳೆದು 21 ದಾಟಿದ, ಗ್ರೀನ್ ಕಾರ್ಡ್ ಬಾರದ ಮಕ್ಕಳು. ಅವರಿಗೆ ಫೆಡರಲ್ ಸಾಲವಿಲ್ಲ, ಅವರನ್ನು ತೆಗೆದುಕೊಳ್ಳುವ ಕಾಲೇಜುಗಳೂ ಕಡಿಮೆ, ಕೆಲವು ಕಡೆ ಹಲವು ವರ್ಷದ ಶುಲ್ಕವನ್ನು ಮೊದಲೇ ಠೇವಣಿ ಇಡಬೇಕು. ಇವರು ದುಡ್ಡಿನ ದಾರಿ ಖಚಿತವಾಗುವ ತನಕ ಒಂದೇ ಒಂದು ಇಂಟರ್ವ್ಯೂವನ್ನೂ ಬಿಡದಿರುವುದೇ ಒಳ್ಳೆಯದು.

ಬಿಡುವುದಾದರೆ ತಡಮಾಡಬೇಡಿ, ಕನಿಷ್ಠ ಎರಡು ವಾರ ಮುಂಚೆ ತಿಳಿಸಿ. ಪೋರ್ಟಲ್‌ನಲ್ಲಿ ಹಿಂತೆಗೆಯುವ ಗುಂಡಿಯಿದ್ದರೆ ಅದನ್ನು ಒತ್ತಿ, ಇಲ್ಲವಾದರೆ ಅಡ್ಮಿಷನ್ ಆಫೀಸಿಗೆ ನಾಲ್ಕು ಸಾಲಿನ ಮೇಲ್ ಸಾಕು: ಹೆಸರು, ಆಮ್‌ಕ್ಯಾಸ್ ನಂಬರ್, ಇಂಟರ್ವ್ಯೂ ತಾರೀಖು, ಕರೆದದ್ದಕ್ಕೆ ಕೃತಜ್ಞತೆ, ಅರ್ಜಿ ಹಿಂತೆಗೆಯುತ್ತಿದ್ದೇನೆ ಎಂಬ ಮಾತು. ಎಲ್ಲಿ ಸೀಟು ಸಿಕ್ಕಿದೆ ಎಂದು ಬರೆಯಬೇಕಾಗಿಲ್ಲ. ಹೇಳದೆ ಕೇಳದೆ ಗೈರಾಗುವುದು ಮಾತ್ರ ಬೇಡ. ವರ್ಷಕ್ಕೆ ಸುಮಾರು 52,000 ಮಂದಿ ಎಂಡಿಗೆ ಅರ್ಜಿ ಹಾಕುತ್ತಾರೆ, ಸೇರುವವರು ಸುಮಾರು 23,000. ಎರಡು ವಾರ ಮುಂಚೆ ಖಾಲಿಯಾದ ಇಂಟರ್ವ್ಯೂ ಜಾಗಕ್ಕೆ ಇನ್ನೊಬ್ಬರನ್ನು ಕರೆಯಲು ಆಫೀಸಿಗೆ ಸಮಯವಿರುತ್ತದೆ, ಹಿಂದಿನ ರಾತ್ರಿ ಖಾಲಿಯಾದದ್ದಕ್ಕೆ ಇರುವುದಿಲ್ಲ.